ಭಾವಿಸತಕ್ಕದ್ದು

ದುರ್ಗಿಗುಡಿಯಲ್ಲಿ ಕನ್ನಡಕದಂಗಡಿಯ ಮೇಲೆ
ನಮ್ಮದೊಂದು ಕೋಣೆ.
ಮೂರು ಜನ, ಎರಡು ಕಂಪ್ಯೂಟರ್,
ಒಂದು ಕಾಲು ಕುಂಟುವ ಮೇಜು. ಆ ಕಾಲಿನಡಿ ಮಡಚಿಟ್ಟದ್ದು
ಹಿಂದಿನ ನೀತಿಯ ಕರಡು.

ಬೋರ್ಡು ಬರೆಯಲು ಬಂದ ಪೇಂಟರ್ ಇಲಿಯಾಸಣ್ಣ
'ಸ್ವತಂತ್ರ ಅಧ್ಯಯನ ಕೇಂದ್ರ' ಎಂಬಲ್ಲಿ ಬ್ರಷ್ಷು ನಿಲ್ಲಿಸಿ
ಕೇಳಿದ: "ಯಾರಿಂದ ಸ್ವತಂತ್ರ, ಮೇಡಂ?"
ವನಜಾಕ್ಷಿ ಮೇಡಂ ಉತ್ತರಿಸಲಿಲ್ಲ.
ಅವನ ಕೂಲಿಯ ಅರ್ಧ ಇನ್ನೂ ಬಾಕಿ ಇದೆ.

ದಿಲ್ಲಿಯಿಂದ ಹೊಸ ಕರಡು ಬಂತು, ಇನ್ನೂರ ಹನ್ನೆರಡು ಪುಟ.
ಆಕ್ಷೇಪಣೆಗೆ ಮೂವತ್ತು ದಿನ, ಅದರಲ್ಲಿ ಐದು ಭಾನುವಾರ.
ಕನ್ನಡಕ್ಕೆ ತರುವುದು ನನ್ನ ಪಾಲು.
'ಸ್ಟೇಕ್‌ಹೋಲ್ಡರ್'ಗೆ ಏನು ಹೇಳಲಿ?
ಹಕ್ಕುದಾರ? ಪಾಲುದಾರ? ಬಾಧ್ಯಸ್ಥ?
ನಮ್ಮಜ್ಜಿ ಇದ್ದಿದ್ದರೆ ಅಂದಿರೋಳು:
ಉಂಡವರು, ಬಡಿಸಿದವರು, ಎಲೆ ಎತ್ತುವವರು,
ಎಲ್ಲರಿಗೂ ಒಂದೇ ಹೆಸರೇನೇ?

ಹದಿನಾಲ್ಕನೆಯ ಕಲಮಿನಲ್ಲಿ ಸಿಕ್ಕಿಕೊಂಡೆ:
"ದೇಶದ ಪ್ರತಿ ಗ್ರಾಮವೂ ಜಾಲಕ್ಕೆ ಸೇರಿದೆಯೆಂದು
ಭಾವಿಸತಕ್ಕದ್ದು."
ಕಲ್ಲನ್ನು ದೇವರೆಂದು ಭಾವಿಸಬಹುದು,
ಅತಿಥಿಯನ್ನೂ. ಆದರೆ ಟವರು?

ಡೆನ್ಸಿಲ್ ಲೋಬೋ ನಕ್ಕರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ಮೂವತ್ತೊಂದು ವರ್ಷ ತಂತಿ ಜೋಡಿಸಿದ ಕೈ.
"ಬಾ, ಭಾವಿಸಿ ಬರೋಣ" ಅಂದರು.

ಸಾಗರದ ಬಸ್ಸು, ಆಮೇಲೆ ಲಾಂಚು, ಆಮೇಲೆ ನಡಿಗೆ.
ಹಿನ್ನೀರಿನಾಚೆ ಕಾರೆಕುಂಬ್ರಿ,
ನಾಡಿಗೆ ಬೆಳಕು ಕೊಡಲು ಮುಳುಗಿದ ಊರಿನ
ಮುಳುಗದ ತುದಿ.
ನ್ಯಾಯಬೆಲೆ ಅಂಗಡಿಯ ಬೂದ್ಯಪ್ಪ
ಹೆಬ್ಬೆಟ್ಟಿನ ಯಂತ್ರವನ್ನು ಬುಟ್ಟಿಯಲ್ಲಿಟ್ಟು
ಗುಡ್ಡ ಹತ್ತುತ್ತಾನೆ; ಹಿಂದೆ ಕಾರ್ಡುದಾರರ ಸಾಲು.
ಬೋಳುಬಂಡೆಯ ಮೇಲೆ ಎರಡು ಕಡ್ಡಿ ಸಿಗ್ನಲ್ಲು,
ಗಾಳಿ ಪಡುವಣದಿಂದ ಬಂದರೆ ಮೂರು.
ಇದು ಅವನ ಸಿದ್ಧಾಂತ. ಡೆನ್ಸಿಲ್ ಒಪ್ಪುವುದಿಲ್ಲ.

ಹುಚ್ಚಮ್ಮ ಏಳನೆಯ ಸಲ ಹೆಬ್ಬೆರಳೊತ್ತಿ
ಅದನ್ನೇ ನೋಡಿಕೊಂಡಳು, ಬೇರೆ ಯಾರದೋ ಎಂಬಂತೆ.
"ಕತ್ತಿ ಹಿಡಿದು ಗೆರೆ ಸವೆದಾವೆ.
ಬೆರಳು ಬದಲಿಸು ಅಂತದೆ ಮಿಷನ್ನು."

ಬೂದ್ಯಪ್ಪನ ಬಳಿ ಹುರಿದಾರ ಕಟ್ಟಿದ ನೋಟುಬುಕ್ಕು.
ಯಾವ ದಿನ ಯಂತ್ರ ಸತ್ತಿತ್ತು,
ಎಷ್ಟು ಜನ ಖಾಲಿ ಚೀಲ ಹೊತ್ತು ಇಳಿದರು,
ಎರಡು ವರ್ಷದ್ದು, ನೀಲಿ ಶಾಯಿಯಲ್ಲಿ.
"ಇಲಾಖೆ ಕೇಳಿತ್ತಾ?"
"ಇಲ್ಲ. ಯಾರಾದ್ರೂ ಕೇಳಿದ್ರೆ ಇರ್ಲಿ ಅಂತ."

ಇಪ್ಪತ್ತೆರಡನೆಯ ದಿನ ಒಬ್ಬ ಸಜ್ಜನ ನಮ್ಮ ಮೆಟ್ಟಿಲು ಹತ್ತಿದ.
ಯಂತ್ರ ತಯಾರಿಸುವ ಕಂಪನಿಯವನು. ಕಾಫಿ ಹೊಗಳಿದ.
ಮೂರು ವರ್ಷದ ಅನುದಾನ, ತಂಪು ಸಭಾಂಗಣ,
ಷರತ್ತೇನೂ ಇಲ್ಲ, ಅಂಕಿ ತಿದ್ದುವುದೂ ಬೇಡ.
'ವಿಫಲ' ಎಂಬಲ್ಲಿ 'ಕಲಿಕೆಯ ಹಂತ' ಅಂತ ಬರೆದರಾಯಿತು.
ನಿಜ ಹೇಳುತ್ತೇನೆ: ನನಗೆ ಮೂರು ತಿಂಗಳ ಸಂಬಳ ಬರಬೇಕಿತ್ತು.
ಆ ಪದ ಅಷ್ಟೇನೂ ಕೆಟ್ಟದ್ದೆನಿಸಲಿಲ್ಲ.

ಕೆಳಗೆ ಅಂಗಡಿಯಲ್ಲಿ ಯಾರೋ ಗೋಡೆಯ ಅಕ್ಷರ ಓದುತ್ತಿದ್ದರು,
ದೊಡ್ಡದರಿಂದ ಸಣ್ಣದಕ್ಕೆ.
ಕೊನೆಯ ಸಾಲಿಗೆ ತಡವರಿಸಿ
"ಕಾಣ್ತಾ ಇಲ್ಲ" ಅಂದರು, ನಾಚಿಕೆಯಿಲ್ಲದೆ.
ಮೇಡಂ ಅವನ ಲೋಟ ತೆಗೆದಿಟ್ಟರು.
"ಮೆಟ್ಟಿಲು ಕಡಿದಾಗಿದೆ, ಹುಷಾರಾಗಿ ಇಳೀರಿ" ಅಂದರು.

ಹನ್ನೊಂದು ತಿಂಗಳ ಮೇಲೆ ನೀತಿ ಹೊರಬಂತು.
ನಮ್ಮ ಹೆಸರು ಎಲ್ಲೂ ಇಲ್ಲ; ಹುಡುಕಿದ್ದು ಸುಳ್ಳಲ್ಲ.
ಹದಿನಾಲ್ಕನೆಯ ಕಲಮಿಗೆ ಒಂದು ಬಾಲ ಬೆಳೆದಿತ್ತು:
"ಜಾಲ ದೊರೆಯದಲ್ಲಿ
ಕೈಬರಹದ ದಾಖಲೆಯನ್ನು ಪರಿಗಣಿಸಬಹುದು."
ಬಹುದು. ತಕ್ಕದ್ದು ಅಲ್ಲ.
ಡೆನ್ಸಿಲ್ ಆ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದರು,
ಫ್ಯೂಸು ಪರೀಕ್ಷಿಸುವವರ ಹಾಗೆ.

ಬೂದ್ಯಪ್ಪನಿಗೆ ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ.
ಕಾರ್ಡು ಬರೆದೆ:
ನೋಟುಬುಕ್ಕು ಎಸೆಯಬೇಡ. ತುಂಬಿದ್ದರೆ
ಇನ್ನೊಂದು ತಗೋ, ದಪ್ಪನೆಯದು.
ದುಡ್ಡು ನಾವು ಕಳಿಸುತ್ತೇವೆ,
ಕಳಿಸುತ್ತೇವೆಂದು
ಭಾವಿಸತಕ್ಕದ್ದು.